ಮಳೆಗೆ ಮುನ್ನ ಮದ್ದು, ಬಂಧನಕ್ಕೆ ಮುನ್ನ ವಕೀಲ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕೆಂದು ಮಲೆನಾಡಿನ ಯಾವ ಬೆಳೆಗಾರನಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲೇ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕದಲ್ಲಿ ಮದ್ದು ಸಿದ್ಧವಾಗಿ ಗೊನೆಗೆ ತಲುಪಿರಬೇಕು. ಕಾಯಿ ಉದುರತೊಡಗಿದ ಮೇಲೆ ಮರ ಹತ್ತುವವರನ್ನು ಹುಡುಕಿಕೊಂಡು ಊರೂರು ಅಲೆದರೆ ಕೂಲಿಯೂ ಹೋಗುತ್ತದೆ, ಫಸಲೂ ಹೋಗುತ್ತದೆ. ತೋಟದ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳ ಸಮಾಜವು ತನ್ನ ಜನರ ಸ್ವಾತಂತ್ರ್ಯದ ವಿಷಯದಲ್ಲಿ ಮಾತ್ರ ಕಾಯಿ ಉದುರಿದ ಮೇಲೆಯೇ ಎಚ್ಚರಗೊಳ್ಳುತ್ತಿದೆ.

ಘಟ್ಟದ ಪ್ರದೇಶದಲ್ಲಿ ಚಳವಳಿಗಳಿಗೆ ಕೊರತೆಯಿಲ್ಲ. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡವರ ಕಾಲದಿಂದಲೂ ಗಣಿ, ಅಣೆಕಟ್ಟು, ಏಕಜಾತಿ ನೆಡುತೋಪು, ವಿದ್ಯುತ್ ಮಾರ್ಗಗಳ ವಿರುದ್ಧ ಜನ ಬೀದಿಗಿಳಿದಿದ್ದಾರೆ. ಒಂದು ಧರಣಿಗೆ ಎಷ್ಟು ಸಿದ್ಧತೆ ನಡೆಯುತ್ತದೆ! ಮನವಿಪತ್ರ, ನಕಾಶೆ, ಕರಪತ್ರ, ಹೋರಾಟದ ಹಾಡು, ಮಧ್ಯಾಹ್ನದ ಊಟ, ಪತ್ರಕರ್ತರಿಗೆ ದೂರವಾಣಿ, ಎಲ್ಲವನ್ನೂ ಸಮಿತಿಗಳು ಅಚ್ಚುಕಟ್ಟಾಗಿ ಹಂಚಿಕೊಳ್ಳುತ್ತವೆ. ಆದರೆ ಸಂಜೆ ನಾಲ್ವರನ್ನು ಪೊಲೀಸ್ ವಾಹನದಲ್ಲಿ ಕೂರಿಸಿಕೊಂಡು ಹೋದರೆ, ಮುಂದೇನು ಎಂಬ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರುವುದಿಲ್ಲ. ಯಾರೋ ಬೆಂಗಳೂರಿನ ಪರಿಚಿತರಿಗೆ ಕರೆ ಮಾಡುತ್ತಾರೆ, ಇನ್ನಾರೋ ಶಾಸಕರ ಮನೆಗೆ ಓಡುತ್ತಾರೆ. ಆ ಗೊಂದಲದ ರಾತ್ರಿಯ ಬೆಲೆಯನ್ನು ತೆರುವವರು ವೇದಿಕೆಯ ಮೇಲಿದ್ದವರಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದ ಕೂಲಿಕಾರರು, ಬುಡಕಟ್ಟಿನವರು, ಪಹಣಿಯಿಲ್ಲದ ಸಾಗುವಳಿದಾರರು.

ಜಾಮೀನು ಅಂಗಲಾಚಿ ಪಡೆಯುವ ದಯೆಯಲ್ಲ, ಹಣ ಕೊಟ್ಟು ಕೊಳ್ಳುವ ಸರಕೂ ಅಲ್ಲ. ಅದು ಊರು ತನ್ನವನೊಬ್ಬನ ಪರವಾಗಿ ನ್ಯಾಯಾಲಯಕ್ಕೆ ಕೊಡುವ ಮಾತು. ಆ ಮಾತನ್ನು ಕೊಡಲು ಊರು ಮೊದಲೇ ಸಿದ್ಧವಾಗಿರಬೇಕು.

ಮೊದಲ ಇಪ್ಪತ್ತನಾಲ್ಕು ಗಂಟೆ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾದುದರಿಂದ ಹಳೆಯ ಕಾರ್ಯಕರ್ತರ ನೆನಪಿನಲ್ಲಿದ್ದ ಅಂಕಿಗಳು ಕೆಲಸಕ್ಕೆ ಬಾರದಂತಾಗಿವೆ. ಆದರೆ ಬಂಧಿತನ ಮೂಲ ಹಕ್ಕುಗಳು ಸಂವಿಧಾನದ 21 ಮತ್ತು 22ನೆಯ ವಿಧಿಗಳಲ್ಲಿಯೇ ನೆಲೆಗೊಂಡಿರುವುದರಿಂದ ಅವು ಬದಲಾಗಿಲ್ಲ.

ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು. ಅಪರಾಧ ಜಾಮೀನು ನೀಡಬಹುದಾದದ್ದಾದರೆ ಜಾಮೀನಿನ ಹಕ್ಕಿದೆಯೆಂಬುದನ್ನೂ ಹೇಳಬೇಕೆಂದು ಸಂಹಿತೆಯ 47ನೆಯ ಕಲಮು ವಿಧಿಸುತ್ತದೆ. ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿಯೇ ಕೊಡಬೇಕೆಂಬುದನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಎಲ್ಲ ಬಗೆಯ ಅಪರಾಧಗಳಿಗೂ ಅನ್ವಯಿಸಿ ಸ್ಪಷ್ಟಪಡಿಸಿತು. ಬಂಧನದ ಸುದ್ದಿಯನ್ನು ಮನೆಯವರಿಗೆ ಅಥವಾ ಬಂಧಿತ ಹೆಸರಿಸಿದವರಿಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ, ವಿಚಾರಣೆಯ ನಡುವೆ ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕು 38ನೆಯ ಕಲಮಿನಲ್ಲಿದೆ. ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣವಿರಬೇಕು, ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯಾಣದ ಸಮಯವನ್ನು ಕಳೆದು 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು, ಬಂಧನ ಏಕೆ ಅಗತ್ಯವೆಂಬುದನ್ನು ಪೊಲೀಸರು ಬರೆದಿಡಬೇಕು, ಇಲ್ಲವಾದರೆ ಹಾಜರಾಗಲು ನೋಟಿಸು ಕೊಟ್ಟರೆ ಸಾಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ವಿಧಿಸಿದೆ. ಧರಣಿ, ರಸ್ತೆತಡೆಗಳಲ್ಲಿ ದಾಖಲಾಗುವ ಬಹುತೇಕ ಪ್ರಕರಣಗಳು ಈ ಮಿತಿಯೊಳಗೇ ಬರುತ್ತವೆ. ಆದುದರಿಂದ ನೋಟಿಸು ಬಂದರೆ ಹೆದರಿ ಕಾಡು ಸೇರುವುದು ಅಥವಾ ನೆಂಟರ ಮನೆಗೆ ಹೋಗಿ ಅಡಗುವುದು ಅತ್ಯಂತ ಅವಿವೇಕದ ಕೆಲಸ. ನೋಟಿಸನ್ನು ಪಾಲಿಸಿದವನನ್ನು ಬಂಧಿಸಲು ಪೊಲೀಸರು ಹೊಸ ಕಾರಣವನ್ನು ದಾಖಲಿಸಬೇಕಾಗುತ್ತದೆ. ತಪ್ಪಿಸಿಕೊಂಡವನು ಆ ಕಾರಣವನ್ನು ತಾನೇ ಒದಗಿಸಿಕೊಟ್ಟಂತಾಗುತ್ತದೆ.

ಹಳ್ಳಿಗಳಲ್ಲಿ ಹೆಚ್ಚಾಗಿ ಗೊಂದಲವೇಳುವುದು ಮುನ್ನೆಚ್ಚರಿಕೆ ಬಂಧನದ ವಿಷಯದಲ್ಲಿ. ಮಂತ್ರಿಗಳು ಬರುವ ದಿನ ಬೆಳಿಗ್ಗೆ ಮುಖಂಡರನ್ನು ಕರೆದೊಯ್ದು ಸಂಜೆ ಬಿಡುವುದು 170ನೆಯ ಕಲಮಿನ ಕ್ರಮ. ಬೇರೆ ಕಾನೂನಿನ ಆಧಾರವಿಲ್ಲದೆ ಅದನ್ನು 24 ಗಂಟೆಗಿಂತ ಮುಂದುವರಿಸುವಂತಿಲ್ಲ. ಶಾಂತಿಪಾಲನೆಗೆಂದು ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರ ಮುಂದೆ ಬರೆಸಿಕೊಳ್ಳುವ ಮುಚ್ಚಳಿಕೆಯೂ ಜಾಮೀನೂ ಒಂದೇ ಅಲ್ಲ. ಅದಕ್ಕೆ ಸಹಿ ಹಾಕಿದವನು ಮುಂದೆ ಅದನ್ನು ಮುರಿದನೆಂದು ಹೊಸ ಕ್ರಮಕ್ಕೆ ಗುರಿಯಾಗಬಹುದು. ಓದದೆ ಹೆಬ್ಬೆಟ್ಟೊತ್ತುವ ಕಾಗದಗಳ ಪೈಕಿ ಇದೂ ಒಂದು.

ಅರಣ್ಯ ಇಲಾಖೆಯ ಬಂಧನ

ಮಲೆನಾಡಿನ ವೈಶಿಷ್ಟ್ಯವೆಂದರೆ ಬಂಧಿಸುವವರು ಯಾವಾಗಲೂ ಪೊಲೀಸರೇ ಆಗಿರುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗಳು ಅರಣ್ಯಾಧಿಕಾರಿಗಳಿಗೂ ಬಂಧಿಸುವ ಅಧಿಕಾರ ಕೊಟ್ಟಿವೆ. ಮನೆಯವರು ಠಾಣೆಯಿಂದ ಠಾಣೆಗೆ ಅಲೆಯುತ್ತಿರುವಾಗ ಬಂಧಿತನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕುಳಿತಿರುತ್ತಾನೆ. ಅಲ್ಲಿಯೂ 24 ಗಂಟೆಯ ನಿಯಮ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಪ್ರತಿಯೊಬ್ಬ ಕಾರ್ಯಕರ್ತನೂ ತಿಳಿದಿರಬೇಕು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅರಣ್ಯಾಧಿಕಾರಿ ಈ ಅರ್ಥದಲ್ಲಿ ಪೊಲೀಸ್ ಅಧಿಕಾರಿಯಲ್ಲ ಎಂದು ವಾದಿಸಿ ಅವರ ಮುಂದಿನ ಹೇಳಿಕೆಯನ್ನು ನ್ಯಾಯಾಲಯದಲ್ಲಿ ಮುಂದಿಡುವುದು ಸಾಮಾನ್ಯ. ಸೌದೆ ಹೊರೆಯೊಂದಿಗೆ ಸಿಕ್ಕಿಬಿದ್ದ ಮುದುಕಿಯೋ, ಸೊಪ್ಪಿನಬೆಟ್ಟದಲ್ಲಿ ಟೊಂಗೆ ಕಡಿದ ರೈತನೋ ‘ಸಹಿ ಹಾಕಿ, ಬಿಟ್ಟುಬಿಡುತ್ತೇವೆ’ ಎಂಬ ಮಾತಿಗೆ ಒಪ್ಪಿ ಬರೆದುಕೊಟ್ಟ ಹೇಳಿಕೆ ವರ್ಷಗಳ ನಂತರ ವಿಚಾರಣೆಯಲ್ಲಿ ಎದುರು ನಿಲ್ಲಬಹುದು. ರಾಜಿದಂಡ ಕಟ್ಟಿ ಪ್ರಕರಣ ಮುಗಿಸಿಕೊಳ್ಳುವ ಅವಕಾಶವೂ ಈ ಕಾಯಿದೆಗಳಲ್ಲಿದೆ. ಕೆಲವೊಮ್ಮೆ ಅದೇ ಸುಲಭದ ದಾರಿಯಾಗಿರಬಹುದು. ಆದರೆ ತನ್ನ ಜಮೀನು ಅರಣ್ಯವೋ ಅಲ್ಲವೋ ಎಂಬ ವಿವಾದವೇ ಬಾಕಿಯಿರುವಾಗ ದಂಡ ಕಟ್ಟಿದ ರಸೀದಿಯು ಒತ್ತುವರಿಯನ್ನು ಒಪ್ಪಿಕೊಂಡ ಪತ್ರವಾಗಿಬಿಡುವ ಅಪಾಯವಿದೆ. ವಕೀಲರನ್ನು ಕೇಳದೆ ಇಂಥ ತೀರ್ಮಾನ ಸಲ್ಲದು. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅರ್ಜಿ ಸಲ್ಲಿಸಿದವರು ಅದರ ಪ್ರತಿ ಮತ್ತು ಸ್ವೀಕೃತಿಯನ್ನು ಜೋಪಾನವಾಗಿಟ್ಟು ಮೊದಲ ದಿನವೇ ವಕೀಲರ ಕೈಗೆ ಕೊಡಬೇಕು. ಹಕ್ಕಿನ ಪರಿಶೀಲನೆ ಪೂರ್ಣಗೊಳ್ಳುವವರೆಗೆ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ ಎಂದು ಆ ಕಾಯಿದೆಯ 4(5)ನೆಯ ಕಲಮು ಹೇಳುತ್ತದೆ.

ಜಾಮೀನೆಂದರೇನು, ಏನಲ್ಲ

ಜಾಮೀನಿನ ಬಗ್ಗೆ ಹಳ್ಳಿಗಳಲ್ಲಿ ಹರಡಿರುವ ಮೊದಲ ತಪ್ಪು ಕಲ್ಪನೆ ಹಣದ್ದು. ‘ಐವತ್ತು ಸಾವಿರದ ಜಾಮೀನಂತೆ’ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಹೆಂಡತಿಯ ಸರ ಅಡವಿಡಲು ಹೊರಡುವವರಿದ್ದಾರೆ. ಸಾಮಾನ್ಯವಾಗಿ ಆ ಹಣವನ್ನು ಎಲ್ಲಿಯೂ ಕಟ್ಟಬೇಕಾಗಿಲ್ಲ. ಕರೆದಾಗ ನ್ಯಾಯಾಲಯಕ್ಕೆ ಬರುತ್ತೇನೆಂದು ಆರೋಪಿಯೂ, ಬಾರದಿದ್ದರೆ ಇಷ್ಟು ಹಣಕ್ಕೆ ತಾನು ಹೊಣೆಯೆಂದು ಜಾಮೀನುದಾರನೂ ಬರೆದುಕೊಡುವ ಮುಚ್ಚಳಿಕೆಯ ಮೊತ್ತವದು. ಆರೋಪಿ ತಪ್ಪದೆ ಹಾಜರಾದರೆ ಯಾರ ಗಂಟೂ ಹೋಗುವುದಿಲ್ಲ. ತಪ್ಪಿಸಿಕೊಂಡರೆ ಮಾತ್ರ ಜಾಮೀನುದಾರನ ಮೇಲೆ ವಸೂಲಿಯ ಕ್ರಮ ಬರುತ್ತದೆ.

ಎರಡನೆಯ ತಪ್ಪು ಕಲ್ಪನೆ ಅಪರಾಧದ್ದು. ಜಾಮೀನು ಸಿಕ್ಕರೆ ಗೆದ್ದಂತೆ, ಸಿಗದಿದ್ದರೆ ತಪ್ಪಿತಸ್ಥನೆಂದಂತೆ ಜನ ಭಾವಿಸುತ್ತಾರೆ. ಆರೋಪಿ ಓಡಿಹೋಗುವನೇ, ಸಾಕ್ಷಿಗಳನ್ನು ಬೆದರಿಸುವನೇ, ತನಿಖೆಗೆ ಅಡ್ಡಿಯಾಗುವನೇ, ಆರೋಪದ ಸ್ವರೂಪವೇನು ಎಂಬುದನ್ನಷ್ಟೇ ಆ ಹಂತದಲ್ಲಿ ನ್ಯಾಯಾಲಯ ತೂಗಿ ನೋಡುತ್ತದೆ. ತಪ್ಪು–ಒಪ್ಪುಗಳ ತೀರ್ಮಾನ ವಿಚಾರಣೆಯ ಕೊನೆಗೆ. ಜಾಮೀನೇ ನಿಯಮ, ಜೈಲು ಅಪವಾದವೆಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1977ರಷ್ಟು ಹಿಂದೆಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಲೇಖನಿಯಿಂದ ಸಾರಿದೆ.

ಅಪರಾಧಗಳಲ್ಲಿ ಎರಡು ವರ್ಗ. ಜಾಮೀನು ನೀಡಬಹುದಾದ ಅಪರಾಧಗಳಲ್ಲಿ ಜಾಮೀನು ಹಕ್ಕು. ಠಾಣಾಧಿಕಾರಿಯೇ ಬಿಡುಗಡೆ ಮಾಡಬಹುದು. ಕಾನೂನುಬಾಹಿರ ಕೂಟ, ಅಕ್ರಮ ತಡೆ ಇತ್ಯಾದಿ ಧರಣಿಯ ಸಾಮಾನ್ಯ ಆರೋಪಗಳು ಈ ವರ್ಗದವು. ಜಾಮೀನುದಾರರನ್ನು ಒದಗಿಸಲಾಗದಷ್ಟು ಬಡವನಾದರೆ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರು ಸಿಗದವನನ್ನು ಬಡವನೆಂದೇ ಭಾವಿಸಬೇಕೆಂದು 478ನೆಯ ಕಲಮಿನ ವಿವರಣೆ ಹೇಳುತ್ತದೆ. ಜಾಮೀನುರಹಿತವೆಂದು ಕರೆಯಲಾಗುವ ಅಪರಾಧಗಳಲ್ಲಿ ಜಾಮೀನೇ ಇಲ್ಲವೆಂದು ಅರ್ಥವಲ್ಲ, ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ ಅರ್ಥ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಬಲಪ್ರಯೋಗದಿಂದ ಅಡ್ಡಿಪಡಿಸಿದ ಆರೋಪ ಜಾಮೀನುರಹಿತ ವರ್ಗಕ್ಕೆ ಸೇರಿದ್ದು. ಶಾಂತವಾಗಿ ನಡೆದ ಧರಣಿಯ ಪ್ರಕರಣಕ್ಕೆ ಈ ಒಂದು ಕಲಮು ಸೇರಿಕೊಂಡರೆ ಠಾಣೆಯಲ್ಲೇ ಮುಗಿಯಬೇಕಾದ ಬಿಡುಗಡೆ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಎಫ್‌ಐಆರ್ ಪ್ರತಿಯನ್ನು ಮೊದಲು ಕೈಗೆ ತೆಗೆದುಕೊಂಡು ಯಾವ ಯಾವ ಕಲಮುಗಳಿವೆಯೆಂದು ನೋಡಬೇಕೆನ್ನುವುದು ಈ ಕಾರಣಕ್ಕೆ. ಎಫ್‌ಐಆರನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಬೇಕು, ಸಂಪರ್ಕ ದುರ್ಬಲವಾದ ಪ್ರದೇಶಗಳಲ್ಲಿಯೂ 72 ಗಂಟೆ ಮೀರಕೂಡದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ.

ಮ್ಯಾಜಿಸ್ಟ್ರೇಟರು ನಿರಾಕರಿಸಿದರೆ ಜಿಲ್ಲಾ ಸೆಷನ್ಸ್ ನ್ಯಾಯಾಲಯ, ಅನಂತರ ಉಚ್ಚ ನ್ಯಾಯಾಲಯ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಹಾಸನದವರು ಬೆಂಗಳೂರಿಗೆ ಹೋಗಬೇಕು. ಉತ್ತರ ಕನ್ನಡದವರಿಗೆ ಧಾರವಾಡ ಪೀಠವಿದೆ. ಬಂಧನದ ಭೀತಿ ಮೊದಲೇ ಇದ್ದರೆ ಸೆಷನ್ಸ್ ಅಥವಾ ಉಚ್ಚ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು ಕೋರಬಹುದು. ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 60 ದಿನ, ಹತ್ತು ವರ್ಷ ಅಥವಾ ಅದಕ್ಕೂ ಮೀರಿದ ಶಿಕ್ಷೆಯ ಗಂಭೀರ ಅಪರಾಧಗಳಲ್ಲಿ 90 ದಿನದ ಗಡುವಿದೆ. ಆ ಗಡುವು ಮೀರಿದ ಮರುದಿನವೇ ಅರ್ಜಿ ಹಾಕಿದರೆ ಜಾಮೀನು ಹಕ್ಕಾಗುತ್ತದೆ. ಅರ್ಜಿ ಹಾಕುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಕೈತಪ್ಪುತ್ತದೆ. ದಿನ ಎಣಿಸುವ ವಕೀಲ ಬೇಕೆನ್ನುವುದು ಇದಕ್ಕೇ.

ಹೋರಾಟಗಾರರನ್ನು ನೇರವಾಗಿ ತಟ್ಟುವ ಇನ್ನೊಂದು ಅಂಶವಿದೆ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಬಾರಿಯ ಆರೋಪಿಯಾದರೆ ಮೂರನೆಯ ಒಂದರಷ್ಟು ಕಾಲ ಸೆರೆಯಲ್ಲಿ ಕಳೆದ ವಿಚಾರಣಾಧೀನ ಕೈದಿಯನ್ನು ಬಿಡುಗಡೆ ಮಾಡಲು 479ನೆಯ ಕಲಮು ಅವಕಾಶ ಕೊಟ್ಟಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳು ಇದಕ್ಕೆ ಹೊರತು. ಆದರೆ ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಹಲವು ಪ್ರಕರಣಗಳ ತನಿಖೆಯೋ ವಿಚಾರಣೆಯೋ ಬಾಕಿಯಿರುವವರಿಗೆ ಅದೇ ಕಲಮು ಈ ಬಾಗಿಲನ್ನು ಮುಚ್ಚಿದೆ. ವರ್ಷಗಟ್ಟಲೆ ಒಂದೊಂದು ಧರಣಿಗೆ ಒಂದೊಂದು ಪ್ರಕರಣ ಹೊತ್ತ ಕಾರ್ಯಕರ್ತನಿಗೆ ಹಳೆಯ, ಮರೆತುಹೋದ ಪ್ರಕರಣಗಳು ಎಷ್ಟು ಭಾರವಾಗಬಲ್ಲವೆಂಬುದು ಇದರಿಂದ ತಿಳಿಯುತ್ತದೆ. ‘ಅದೇನು, ಸಣ್ಣ ಕೇಸು’ ಎಂದು ವಾಯಿದೆಗೆ ಹೋಗದೆ ಬಿಡುವ ಅಭ್ಯಾಸವನ್ನು ಚಳವಳಿಗಳು ಇನ್ನಾದರೂ ಕೈಬಿಡಬೇಕು.

ಭೂಮಿಯ ಕಾಗದ ಇಲ್ಲದವರ ಪಾಡು

ಜಾಮೀನಿನ ಆದೇಶ ಸಿಕ್ಕ ದಿನವೇ ಬಿಡುಗಡೆಯಾಗುವುದಿಲ್ಲ. ಜಾಮೀನುದಾರರು ಪಹಣಿ, ತೆರಿಗೆ ರಸೀದಿ, ಗುರುತಿನ ಚೀಟಿ, ಭಾವಚಿತ್ರಗಳೊಂದಿಗೆ ನ್ಯಾಯಾಲಯದ ಮುಂದೆ ನಿಂತು, ತಾವು ಈಗಾಗಲೇ ಎಷ್ಟು ಜನರಿಗೆ ಜಾಮೀನು ನಿಂತಿದ್ದೇವೆಂದು ಘೋಷಿಸಿ, ನ್ಯಾಯಾಧೀಶರು ಒಪ್ಪಿದ ಮೇಲೆ ಬಿಡುಗಡೆಯ ಆದೇಶ ಜೈಲಿಗೆ ತಲುಪಬೇಕು. ಮಲೆನಾಡಿನ ಅನ್ಯಾಯ ಮಡುಗಟ್ಟಿರುವುದು ಇಲ್ಲಿಯೇ. ಒತ್ತುವರಿಯ ಆರೋಪ ಹೊತ್ತವನು ಬಗರ್‌ಹುಕುಂ ಸಾಗುವಳಿದಾರ. ಅವನ ನೆಂಟರೂ ನೆರೆಯವರೂ ಅಂಥವರೇ. ಮೂರು ತಲೆಮಾರು ಉತ್ತುಬಿತ್ತಿದ ನೆಲಕ್ಕೆ ಕಾಗದವಿಲ್ಲದ ಕಾರಣಕ್ಕೆ ಅವನ ಬಂಧನವಾಯಿತು. ಅದೇ ಕಾಗದವಿಲ್ಲದ ಕಾರಣಕ್ಕೆ ಅವನ ಬಿಡುಗಡೆ ತಡೆಯಿತು. ಪಹಣಿಯುಳ್ಳ ತೋಟದ ಒಡೆಯನು ಸಂಜೆಗೆ ಮನೆ ಸೇರುತ್ತಾನೆ. ಅವನ ಮಾತಿಗೆ ಓಗೊಟ್ಟು ಧರಣಿಗೆ ಬಂದ ಆಳು ತಿಂಗಳುಗಟ್ಟಲೆ ಜೈಲಿನಲ್ಲಿರುತ್ತಾನೆ. ಇದಕ್ಕಿಂತ ದೊಡ್ಡ ನಾಚಿಕೆಗೇಡು ಚಳವಳಿಗೆ ಇನ್ನೊಂದಿಲ್ಲ.

ಇದು ಹೊಸ ಸಮಸ್ಯೆಯೂ ಅಲ್ಲ. 1978ರ ಮೋತಿರಾಂ ಪ್ರಕರಣದಲ್ಲಿ ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನೊಬ್ಬನಿಗೆ ಕೆಳ ನ್ಯಾಯಾಲಯ 10,000 ರೂಪಾಯಿಯ ಜಾಮೀನು ಕೇಳಿತ್ತು. ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಜಾಮೀನನ್ನು ತಿರಸ್ಕರಿಸಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಆತನನ್ನು ಬಿಡಿಸಿದರು. ಮರುವರ್ಷ ಹುಸೈನಾರಾ ಖಾತೂನ್ ಪ್ರಕರಣವು ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನರನ್ನು ದೇಶದ ಕಣ್ಣಿಗೆ ತೋರಿಸಿತು. ಆದರೂ 2022ರ ಅಧಿಕೃತ ಅಂಕಿಅಂಶಗಳ ಪ್ರಕಾರ ಭಾರತದ ಜೈಲುಗಳಲ್ಲಿದ್ದವರ ಪೈಕಿ ಮುಕ್ಕಾಲು ಪಾಲು ವಿಚಾರಣಾಧೀನರೇ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನಷ್ಟು ಸ್ಪಷ್ಟ ನಿರ್ದೇಶನ ನೀಡಿದೆ. ಜಾಮೀನು ಆದೇಶವಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರರನ್ನು ಒದಗಿಸಲಾಗದಿದ್ದರೆ ನ್ಯಾಯಾಲಯವೇ ಷರತ್ತನ್ನು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ಈ ನಿರ್ದೇಶನಗಳನ್ನು ಎತ್ತಿ ತೋರಿಸುವವರಿಲ್ಲದಿದ್ದರೆ ಅವು ಕಪಾಟಿನಲ್ಲಿಯೇ ಉಳಿಯುತ್ತವೆ.

ಎಂಥ ವಕೀಲರು ಬೇಕು?

ಬೆಂಗಳೂರಿನ ಪ್ರಸಿದ್ಧ ವಕೀಲರೊಬ್ಬರು ಬಂದು ವಾದಿಸಿದರೆ ಸಾಕು ಎಂಬ ಭ್ರಮೆ ಬಹಳ ಕಡೆ ಇದೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಅಂಥವರು ಬೇಕಾಗಬಹುದು. ಆದರೆ ಬಂಧನದ ಮರುದಿನ ಬೆಳಿಗ್ಗೆ ತಾಲ್ಲೂಕಿನ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ನಿಲ್ಲಬೇಕಾದವರು ಆ ತಾಲ್ಲೂಕಿನವರೇ. ರಿಮಾಂಡ್ ಎಷ್ಟು ಹೊತ್ತಿಗೆ ನಡೆಯುತ್ತದೆ, ಸಹಾಯಕ ಸರ್ಕಾರಿ ಅಭಿಯೋಜಕರು ಯಾವ ಆಕ್ಷೇಪ ಎತ್ತುತ್ತಾರೆ, ಜಾಮೀನುದಾರರಿಂದ ಯಾವ ದಾಖಲೆ ಕೇಳುತ್ತಾರೆ ಎಂಬ ದಿನನಿತ್ಯದ ತಿಳಿವಳಿಕೆ ದೊಡ್ಡ ಊರಿನ ದೊಡ್ಡ ಹೆಸರಿಗೆ ಇರುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಅವರು ಬರುವುದೂ ಸಾಧ್ಯವಿಲ್ಲ.

ಹಾಗೆಂದು ಊರಿನ ಭೂವ್ಯಾಜ್ಯಗಳನ್ನು ನಡೆಸುವ ವಕೀಲರೆಲ್ಲರೂ ಕ್ರಿಮಿನಲ್ ಪ್ರಕರಣಕ್ಕೆ ಹೊಂದುತ್ತಾರೆಂದೂ ಅಲ್ಲ. ಆ ನ್ಯಾಯಾಲಯದಲ್ಲಿ ಜಾಮೀನು ಅರ್ಜಿಗಳನ್ನು, ವಿಶೇಷವಾಗಿ ಅರಣ್ಯ ಪ್ರಕರಣಗಳನ್ನು ನಡೆಸಿದವರು ಯಾರೆಂಬುದನ್ನು ಹಿಂದಿನ ಕಕ್ಷಿದಾರರಿಂದ ಕೇಳಿ ತಿಳಿಯಬೇಕು. ಯೋಜನೆಯ ಕಂಪನಿಗೋ ಗುತ್ತಿಗೆದಾರನಿಗೋ ಅವರು ಸಲಹೆಗಾರರಾಗಿದ್ದಾರೆಯೇ ಎಂದು ಸಂಕೋಚವಿಲ್ಲದೆ ಮೊದಲೇ ಕೇಳಬೇಕು. ಶುಲ್ಕ ಎಷ್ಟು, ಅದು ಜಾಮೀನಿಗೆ ಮಾತ್ರವೋ ವಿಚಾರಣೆಯ ಕೊನೆಯವರೆಗೋ, ವಾಯಿದೆಗೆ ಸ್ವತಃ ಬರುತ್ತಾರೋ ಕಿರಿಯರನ್ನು ಕಳುಹಿಸುತ್ತಾರೋ ಎಂಬುದು ಬರಹದಲ್ಲಿದ್ದರೆ ಮುಂದೆ ಮನಸ್ತಾಪವಿಲ್ಲ. ಖಾಲಿ ಕಾಗದಕ್ಕೆ ಸಹಿ ಕೊಡಬಾರದು. ವಕಾಲತ್ತನ್ನು ಓದಿಸಿಕೊಂಡೇ ಸಹಿ ಹಾಕಬೇಕು. ‘ನಾಳೆಯೇ ಬಿಡಿಸುತ್ತೇನೆ, ಸಾಹೇಬರು ಗೊತ್ತು’ ಎಂದು ಭರವಸೆ ಕೊಡುವವರಿಂದ ದೂರವಿರುವುದು ಲೇಸು. ನ್ಯಾಯಾಲಯದ ಆವರಣದಲ್ಲಿ ಹಣಕ್ಕೆ ಸಿಗುವ ಬಾಡಿಗೆ ಜಾಮೀನುದಾರರಿಂದ ಇನ್ನೂ ದೂರವಿರಬೇಕು. ಅವರ ಸುಳ್ಳು ದಾಖಲೆ ಬಯಲಾದ ದಿನ ಹೊಸ ಪ್ರಕರಣ ಮೈಮೇಲೆ ಬರುತ್ತದೆ.

ಶುಲ್ಕ ಕೊಡಲಾಗದವರಿಗೆ ಸಂವಿಧಾನದ 39ಎ ವಿಧಿಯ ಆಸರೆಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು ಮತ್ತು ಬಂಧನದಲ್ಲಿರುವ ಯಾರೇ ಆಗಲಿ, ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಈ ಹಕ್ಕನ್ನು ಆರೋಪಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1981ರ ಖತ್ರಿ ಪ್ರಕರಣದಲ್ಲಿ ಹೇಳಿದೆ. ಪ್ರತಿ ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿಯಿದೆ. 15100 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಸರ್ಕಾರಿ ವಕೀಲರೆಂದರೆ ಕಾಟಾಚಾರವೆಂಬ ತಾತ್ಸಾರ ಬೇಡ. ಜತೆಗೆ ನಿಂತು ಮಾಹಿತಿ ಒದಗಿಸುವ ಸಮಿತಿಯಿದ್ದರೆ ಅವರ ಕೆಲಸಕ್ಕೂ ಬಲ ಬರುತ್ತದೆ. ಊರಿನ ಆಕ್ರೋಶಕ್ಕೆ ಮಣಿದು ‘ಇಂಥವರ ಪರ ವಾದಿಸುವುದಿಲ್ಲ’ ಎಂದು ವಕೀಲರ ಸಂಘ ನಿರ್ಣಯ ಮಾಡಿದರೆ ಅದಕ್ಕೆ ಬೆಲೆಯಿಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಎರಡು ಆಕ್ಷೇಪಗಳು

ಹಿರಿಯ ಹೋರಾಟಗಾರರು ಒಂದು ಆಕ್ಷೇಪ ಎತ್ತುವುದುಂಟು. ಸತ್ಯಾಗ್ರಹಿ ಜಾಮೀನು ಕೇಳಬಾರದು, ಜೈಲನ್ನು ತುಂಬಬೇಕು ಎಂಬುದು ಅವರ ನಿಲುವು. 1951ರ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ತಂಡತಂಡವಾಗಿ ಜನ ಬಂಧನಕ್ಕೊಳಗಾದದ್ದು, ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದದ್ದು ಈ ನೆಲದ ಹೆಮ್ಮೆಯ ನೆನಪು. ಆ ಪರಂಪರೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಜಾಮೀನು ಬೇಡವೆನ್ನುವ ಅಧಿಕಾರ ಅದು ತನ್ನ ಹಕ್ಕೆಂದು ಬಲ್ಲವನಿಗೆ ಮಾತ್ರ ಇದೆ. ತಿಳಿದು ನಿರಾಕರಿಸುವುದು ಸತ್ಯಾಗ್ರಹ. ತಿಳಿಯದೆ, ಗತಿಯಿಲ್ಲದೆ ಒಳಗೆ ಉಳಿಯುವುದು ಬರಿಯ ಸೆರೆ. ದಿನಗೂಲಿಯಿಂದ ಒಲೆ ಉರಿಯುವ ಮನೆಯವನ ಪರವಾಗಿ ಆ ತೀರ್ಮಾನವನ್ನು ಇನ್ನೊಬ್ಬರು ಕೈಗೊಳ್ಳುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ಪರಿಸರಾಸಕ್ತರ ವಲಯದಿಂದಲೇ ಬರುವಂಥದು, ಹೆಚ್ಚು ತೊಡಕಿನದು. ಮರಗಳ್ಳನೋ ಬೇಟೆಗಾರನೋ ವಾರದೊಳಗೆ ಜಾಮೀನಿನ ಮೇಲೆ ಹೊರಬಂದಾಗ ‘ಕಾನೂನು ಸತ್ತಿದೆ’ ಎಂದು ಹೇಳಿಕೆ ಕೊಡುವವರು ಈ ವಲಯದವರೇ. ತನ್ನ ಕಾರ್ಯಕರ್ತನಿಗೆ ಜಾಮೀನು ಹಕ್ಕು, ತನಗೆ ಒಗ್ಗದವನಿಗೆ ಜೈಲೇ ಶಿಕ್ಷೆ ಎಂಬ ಇಬ್ಬಗೆಯ ನೀತಿ ನಿಲ್ಲಲಾರದು. ವಿಚಾರಣೆಯಿಲ್ಲದ ಸೆರೆ ಅಪರಾಧವನ್ನು ತಡೆದಿಲ್ಲ. ತಡೆಯಬಲ್ಲದ್ದು ಸರಿಯಾದ ಮಹಜರು, ಸಕಾಲದ ದೋಷಾರೋಪ ಪಟ್ಟಿ, ಸಾಕ್ಷಿ ಹೇಳಲು ಹೆದರದ ಊರು, ಬೇಗ ಮುಗಿಯುವ ವಿಚಾರಣೆ. ಕಾಡುಗಳ್ಳನಿಗೆ ಶಿಕ್ಷೆಯಾಗಬೇಕೆಂಬ ಒತ್ತಾಯವನ್ನು ಅಲ್ಲಿಗೆ ಹೊರಳಿಸಬೇಕು. ಜಾಮೀನಿನ ಬಾಗಿಲನ್ನು ಕಿರಿದು ಮಾಡಿದರೆ ಬಲಿಷ್ಠ ಹೇಗೋ ನುಸುಳಿಕೊಳ್ಳುತ್ತಾನೆ. ಸಿಕ್ಕಿಕೊಳ್ಳುವವಳು ಸೌದೆ ಹೊರೆಯ ಮುದುಕಿ.

ಊರಿನ ಸಮಿತಿ ಮಾಡಬೇಕಾದ್ದು

ಪ್ರತಿ ಊರಿನ ಸಮಿತಿಯೂ ಧರಣಿಯ ದಿನಾಂಕ ಗೊತ್ತುಪಡಿಸುವ ಮೊದಲು ಈ ಐದು ಕೆಲಸಗಳನ್ನು ಮುಗಿಸಿಕೊಳ್ಳುವುದು ಉಚಿತ.

1. ತಾಲ್ಲೂಕು ನ್ಯಾಯಾಲಯದ ಇಬ್ಬರು ವಕೀಲರನ್ನು ಮೊದಲೇ ಕಂಡು ಒಪ್ಪಿಸಿರಬೇಕು. ಅವರ ದೂರವಾಣಿ ಸಂಖ್ಯೆಯನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮೊಬೈಲನ್ನು ಠಾಣೆಯಲ್ಲಿ ತೆಗೆದುಕೊಂಡರೆ ಅದರೊಳಗಿನ ಸಂಖ್ಯೆ ಸಿಗದು.

2. ಪಹಣಿಯುಳ್ಳ ಹತ್ತು ಮನೆಯವರಾದರೂ ಪಹಣಿಯಿಲ್ಲದವರಿಗೆ ಜಾಮೀನು ನಿಲ್ಲಲು ಒಪ್ಪಿ, ದಾಖಲೆಗಳನ್ನು ಒಂದೆಡೆ ಸಿದ್ಧವಾಗಿಡಬೇಕು.

3. ಬಂಧನದ ಸ್ಥಳ, ಸಮಯ, ಕರೆದೊಯ್ದ ಅಧಿಕಾರಿಯ ಹೆಸರು, ವಾಹನದ ಸಂಖ್ಯೆಯನ್ನು ಬರೆದಿಡುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ನಿತ್ಯದ ಔಷಧಿ ಸೇವಿಸುವವರ ಪಟ್ಟಿಯೂ ಅವರ ಬಳಿ ಇರಲಿ.

4. ಬಂಧಿತನ ಮನೆಯ ದನಕರು, ಗದ್ದೆಯ ಕೆಲಸ, ಮಕ್ಕಳ ಶಾಲೆಯನ್ನು ನೋಡಿಕೊಳ್ಳುವವರು ಯಾರೆಂದು ನಿಶ್ಚಯಿಸಬೇಕು. ಮುಯ್ಯಾಳಿನ ಪದ್ಧತಿ ಬಲ್ಲ ಸಮಾಜಕ್ಕೆ ಇದು ಕಷ್ಟವಲ್ಲ.

5. ಬಿಡುಗಡೆಯ ನಂತರದ ವಾಯಿದೆಗಳ ದಿನಚರಿಯೊಂದನ್ನು ಸಮಿತಿಯೇ ಇಡಬೇಕು. ಒಂದು ವಾಯಿದೆ ತಪ್ಪಿದರೆ ವಾರಂಟು ಬರುತ್ತದೆ. ಜಾಮೀನು ನಿಂತ ನೆರೆಯವನ ಮಾತೂ ಹೋಗುತ್ತದೆ.

ಜಾಮೀನಿನ ಷರತ್ತುಗಳನ್ನು ಓದಿಯೇ ಒಪ್ಪಬೇಕು. ಠಾಣೆಗೆ ವಾರಕ್ಕೊಮ್ಮೆ ಸಹಿ, ಸಾಕ್ಷಿಗಳಿಂದ ದೂರವಿರುವುದು ಸಾಮಾನ್ಯ ಷರತ್ತುಗಳು. ಸಾರ್ವಜನಿಕ ಜೀವನದಿಂದಲೇ ದೂರವಿಡುವ ಷರತ್ತು ಬಂದರೆ ಪ್ರಶ್ನಿಸಬಹುದು. ರಾಜಕೀಯ ಚಟುವಟಿಕೆಯಲ್ಲಿ ತೊಡಗಬಾರದೆಂದು ಒಡಿಶಾದಲ್ಲಿ ವಿಧಿಸಿದ್ದ ಜಾಮೀನಿನ ಷರತ್ತನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ತೆಗೆದುಹಾಕಿದೆ.

ಈ ಐದರಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಬೇಕಾದದ್ದು ಎರಡನೆಯದಕ್ಕೆ ಮುಂದೆ ಬರುವ ಮನಸ್ಸು. ತೋಟದ ಒಡೆಯನು ತನ್ನ ಪಹಣಿಯನ್ನು ಹಿಡಿದು, ತನ್ನ ಪಕ್ಕದಲ್ಲಿ ಧರಣಿ ಕುಳಿತ ಭೂಹೀನನಿಗಾಗಿ ನ್ಯಾಯಾಲಯದ ಕಟಕಟೆಯ ಬಳಿ ನಿಲ್ಲುವನೇ? ಕಾಡು ಎಲ್ಲರದೆಂದು ಸಾರುವ ಚಳವಳಿಯ ಮಾತು ನಿಜವೋ ಅಲ್ಲವೋ ಎಂಬುದು ವೇದಿಕೆಯಲ್ಲಿ ತೀರ್ಮಾನವಾಗುವುದಿಲ್ಲ, ಆ ದಿನ ಅಲ್ಲಿ ತೀರ್ಮಾನವಾಗುತ್ತದೆ. ಮುಂದಿನ ಮಳೆಗೆ ಮುನ್ನ ತೋಟಕ್ಕೆ ಮದ್ದು ಹೊಡೆಸುವ ದಿನವನ್ನು ಗೊತ್ತುಮಾಡುವಾಗ, ಪಹಣಿಯ ಪ್ರತಿಯೊಂದನ್ನು ಸಮಿತಿಗೆ ಕೊಡುವ ದಿನವನ್ನೂ ಗೊತ್ತುಮಾಡಿಕೊಳ್ಳಲಿ.